ನಾಲ್ಕನೇ ನಂಬರಿನ ಸುಳ್ಳು

ಒಟ್ಟು ಆರು ಬ್ಯಾಟರಿ. ಬೆನ್ನಿಗೆ ಬಿಳಿ ನೇಲ್ ಪಾಲಿಶಿನಲ್ಲಿ
ನಾನೇ ಬರೆದ ಅಂಕಿ.
ಒಂದು, ಎರಡು ಹೊಸವು, ಹೇಳಿದಷ್ಟು ದುಡಿಯುತ್ತವೆ.
ಮೂರು ಕ್ಯಾಮೆರಾಕ್ಕೆ ಮೀಸಲು, ಲೈಟಿಗೆ ಕೊಟ್ಟರೆ ಮುನಿಸು.
ಐದು, ಆರು ಸಿದ್ದಾಪುರದ ತಿರುವಿನಲ್ಲಿ ಜೀಪಿನಿಂದ ಬಿದ್ದವು;
ಮೂಲೆ ಒಡೆದಿದೆ, ಟೇಪು ಸುತ್ತಿದೆ, ಹೇಗೋ ನಡೆಯುತ್ತಿವೆ.
ನಾಲ್ಕು ಮಾತ್ರ ಸುಳ್ಳುಗಾರ.
ನಲವತ್ತು ಪರ್ಸೆಂಟ್ ಎಂದು ನೆಟ್ಟಗೆ ನೋಡಿ ಹೇಳಿ
ಮರುಗಳಿಗೆ ಕಣ್ಣು ಮುಚ್ಚುತ್ತದೆ,
ಸಾಲ ಕೇಳಲು ಹೋದಾಗ ನಿದ್ದೆ ನಟಿಸುವ ಭಾವನ ಹಾಗೆ.

ಬಾಳೆಲೆ ಕಡೆಯ ಮದುವೆ. ಜನವರಿ.
ಕಣದ ಕಾಫಿಗೆ ಟಾರ್ಪಾಲು ಹೊದೆಸಿ
ಮನೆಯವರು ಬೆಂಕಿಗೆ ಕೈ ಚಾಚಿ ಕೂತಿದ್ದರು.
ಜನಕ್ಕೆ ಬೆಂಕಿ ಉಂಟು. ಲಿಥಿಯಮ್ಮಿಗೆ?
ಚಳಿಯಲ್ಲಿ ಅದು ಹರಳುಗಟ್ಟಿದ ಜೇನು:
ತುಂಬಿಯೇ ಇರುತ್ತದೆ, ಬಗ್ಗಿಸಿದರೆ ಸುರಿಯುವುದಿಲ್ಲ.
ಹಾಗಾಗಿ ಎರಡನ್ನು ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿ
ಒಂದನ್ನು ಕಂಕುಳಲ್ಲಿಟ್ಟು ಓಡಾಡಿದೆ.
ಅಕ್ಕಿ ಆರಿಸುತ್ತಿದ್ದ ಅಜ್ಜಿ ನೋಡಿ ಕೇಳಿದಳು,
"ಯಾವ ಕೋಳಿಯ ಮೊಟ್ಟೆ ಮಾರಾಯ?"

ತಿತಿಮತಿ ರಸ್ತೆಯಲ್ಲಿ ಆನೆ ಕಂಬ ಕೆಡವಿ
ಬೆಳಿಗ್ಗೆಯಿಂದ ಕರೆಂಟಿಲ್ಲ.
ಜನರೇಟರಿನ ವಯರು ಮೈಕಿಗೆ, ಅಡುಗೆಗೆ, ಸೀರಿಯಲ್ ಸೆಟ್ಟಿಗೆ.
ನನ್ನ ಚಾರ್ಜರಿಗೆ "ಆಮೇಲೆ" ಅಂದರು.
ಆಮೇಲೆ ಬರಲೇ ಇಲ್ಲ.
ಗಂಗಾಪೂಜೆಯ ಹೊತ್ತಿಗೆ ಲೈಟಿಗೆ ಉಳಿದದ್ದು
ನಾಲ್ಕನೇ ನಂಬರೊಂದೇ.

ಗೊತ್ತಲ್ಲ, ಬಾವಿಯಿಂದ ಮದುಮಗಳು ನೀರು ಹೊತ್ತು ಬರಬೇಕು,
ಗಂಡಿನ ಕಡೆಯವರು ಎದುರು ಕುಣಿದು ದಾರಿ ಕಟ್ಟಬೇಕು.
ಒಂದು ಹೆಜ್ಜೆ ಬಿಟ್ಟುಕೊಟ್ಟು ನೂರು ಹೆಜ್ಜೆ ಕುಣಿಯುವ ಜನ.
ಬಾವಿಯಿಂದ ಬಾಗಿಲಿಗೆ ಮೂವತ್ತು ಮಾರು.
ಎರಡೂವರೆ ಗಂಟೆ.

ಉತ್ತಯ್ಯಣ್ಣ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದ,
"ಸಜೀವ, ಆಫ್ ಮಾಡು. ಹೊಸ್ತಿಲಿಗೆ ಉಳಿಸು."

ಬೆಳಕು ಹೋದದ್ದೇ ಕುಣಿತ ಬದಲಾಯಿತು.
ವಿಡಿಯೋಗಾಗಿ ಕುಣಿಯುತ್ತಿದ್ದ ಭಾವಂದಿರು
ಈಗ ವಾಲಗಕ್ಕೆ ಕುಣಿದರು, ಕುಪ್ಯದ ಅಂಚು ಬೀಸಿ,
ಒಬ್ಬ ಕಣ್ಣು ಮುಚ್ಚಿಯೇ.
ಸ್ಟ್ಯಾಂಡು ಊರಲು ಜಾಗವಿಲ್ಲ; ಲೈಟು ಎತ್ತಿ ಹಿಡಿದ ನಾನು,
ಕೊಡ ಎತ್ತಿ ಹಿಡಿದ ಅವಳು,
ಇಬ್ಬರ ಮೊಣಕೈಯೂ ಒಂದೇ ಎತ್ತರದಲ್ಲಿ ನಡುಗುತ್ತಿತ್ತು.

ತುಟಿ ಅಲುಗಿಸದೆ ಕೇಳಿದಳು, "ಇನ್ನೆಷ್ಟುಂಟು?"
"ಹದಿಮೂರು ಪರ್ಸೆಂಟ್."
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ತಡೆದ ನಗು ಹೊಟ್ಟೆಯಿಂದ ಹತ್ತಿ ಕೊಡ ಕುಲುಕಿ
ನಾಲ್ಕು ಹನಿ ಅವಳ ಹಣೆಗೆ, ಎರಡು ನನ್ನ ಲೈಟಿಗೆ.
"ನಾನು ಕೇಳಿದ್ದು ಕುಣಿಯುವವರನ್ನು... ಇರಲಿ,
ನನ್ನದೂ ಅಷ್ಟೇ, ಹದಿಮೂರು."
"ಇದರ ಲೆಕ್ಕ ನಂಬಬಾರದು ಅಕ್ಕ."
"ನನ್ನದನ್ನೂ ನಂಬಬೇಡ."
ಹಿಂದಿನಿಂದ ಯಾರೋ ಗದರಿದರು,
"ದೇಚು, ಕೊಡ ನೆಟ್ಟಗೆ!"

ಹೊಸ್ತಿಲು. "ಈಗ!"
ಒತ್ತಿದೆ. ಹತ್ತಿತು.
ಕೆಂಪು ಸೀರೆ, ಎದೆಯ ಪತ್ತಾಕ್, ಎತ್ತಿದ ಬಲಗಾಲು,
ಅದರ ಹೆಬ್ಬೆರಳಿಗೆ ಅಂಟಿದ ಒಂದು ಒದ್ದೆ ಎಲೆ.
ನಾನು ಎಣಿಸುತ್ತಿದ್ದೆ.
ಹನ್ನೊಂದಕ್ಕೆ ಸತ್ತಿತು.
ಕಾಲು ಇನ್ನೂ ಗಾಳಿಯಲ್ಲಿತ್ತು.

ಉತ್ತಯ್ಯಣ್ಣ ಬೈದದ್ದು ಕೊಡವ ತಕ್ಕಿನಲ್ಲಿ,
ಅರ್ಥವಾಗದ ಅರ್ಧಕ್ಕೆ ಕೃತಜ್ಞ.
ಮೂರು ತಿಂಗಳಿಗೆ ಪೆನ್ ಡ್ರೈವ್ ಕೊಡಲು ನಾನೇ ಹೋದೆ.
ಆ ಜಾಗದಲ್ಲಿ ಅವನು ಉದುರುವ ಗುಲಾಬಿ ಹಾಕಿದ್ದ.
ಅವಳು ನೋಡುತ್ತಾ ನಿಲ್ಲಿಸಿ, ಹಿಂದೆ ಓಡಿಸಿ,
"ಇಲ್ಲಿ ಏನೋ ಇತ್ತಲ್ಲ" ಎಂದಳು.

ಇತ್ತು. ಕತ್ತರಿಸಿದ ತುಂಡು ನನ್ನ ಫೋನಿನಲ್ಲಿದೆ,
ನಲವತ್ತು ಸೆಕೆಂಡಿನ ಕಪ್ಪು:
ತುಳುಕುವ ನೀರು, ಉಸಿರು,
ಯಾರದೋ "ಮೆಟ್ಟಿಲು, ಮೆಟ್ಟಿಲು."
ಕೊಡಲಿಲ್ಲ. ಯಾಕೋ.

ಊದಿಕೊಂಡಿದೆ, ಅಪಾಯ, ಎನ್ನುತ್ತಾನೆ
ಗೋಣಿಕೊಪ್ಪದ ರಿಪೇರಿಯವ.
ತೋಟಕ್ಕೆ ಎಸೆಯುವ ವಸ್ತುವಲ್ಲ.
ಮನೆಯ ಹೊರಗೆ, ಮರಳು ತುಂಬಿದ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ.
ಗುಂಡಿ ಒತ್ತಿದರೆ ಈಗಲೂ
ನಲವತ್ತು ಎನ್ನುತ್ತದೆ, ಕಳ್ಳ.